ಒಂದೇ ಕೈಯ ಮಂತ್ರ

ವಾಚು ರಿಪೇರಿ ಮಾಡುವವನಿಗೆ ಸ್ನೇಹಿತರು ಇಟ್ಟ ಹೆಸರು ನಿಧಾನಪ್ಪ. ವಾಚು ಕೊಟ್ಟವರು ಅದನ್ನು ಮರೆತೇಬಿಟ್ಟ ಮೇಲೆ ಅವನ ರಿಪೇರಿ ಮುಗಿಯುತ್ತಿತ್ತು. ಆದರೆ ಅವನ ಕೈ ದಾಟಿದ ವಾಚು ಮತ್ತೆ ನಿಂತದ್ದಿಲ್ಲ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವನಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು. ಲಕ್ವ ಹೊಡೆದ ಮೇಲೆ ಅಕ್ಕನ ಬಲಗೈ ಮಡಿಲಲ್ಲೇ ಬಿದ್ದಿರುತ್ತಿತ್ತು.

ಭಾನುವಾರ ಇಬ್ಬರು ಸ್ನೇಹಿತರು ಬಂದಾಗ ಮಾತ್ರ ಆ ಮನೆಗೆ ಕಳೆ ಬರುತ್ತಿತ್ತು. ನಿಧಾನಪ್ಪನೇ ಕಟ್ಟಿದ ಆಟ ಅದು: ಅವನು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು, ಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು. ಬಸ್ ಕಂಡಕ್ಟರು ಕಳ್ಳ, ಔಷಧಿ ಅಂಗಡಿಯವನು ಸೈನಿಕ, ಅಕ್ಕ ಮಾಟಗಾತಿ. ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡಿರುವವಳು ಆವತ್ತು ರಾಕ್ಷಸರ ಜನ್ಮ ಜಾಲಾಡುತ್ತಿದ್ದಳು. ಆ ಮೇಜಿನಲ್ಲಿ ಅವಳ ಕೈಯನ್ನು ಯಾರೂ ನೋಡುತ್ತಿರಲಿಲ್ಲ.

ಈ ಸಲ ನಿಧಾನಪ್ಪನಿಗೆ ಹೊಸ ನಿಯಮವೊಂದು ಬೇಕಿತ್ತು. ಮಂತ್ರ ಹಾಕಲು ಎರಡೂ ಕೈ ಆಡಬೇಕು. ಶತ್ರು ಒಂದನ್ನು ಕಟ್ಟಿಹಾಕಿದರೆ? ದಾಳದಲ್ಲಿ ಎಷ್ಟು ಬಿದ್ದರೆ ಮಂತ್ರ ಫಲಿಸಬೇಕು? ಸುಲಭ ಮಾಡಿದರೆ ಕಟ್ಟಿದ್ದಕ್ಕೆ ಅರ್ಥವಿಲ್ಲ, ಕಷ್ಟ ಮಾಡಿದರೆ ಆಡುವವರು ಸುಮ್ಮನೆ ಕೂರಬೇಕು. ತನ್ನದೇ ಒಂದು ಕೈ ಬೆನ್ನ ಹಿಂದಿಟ್ಟುಕೊಂಡು ಸ್ಕ್ರೂ ತಿರುಗಿಸಿ ನೋಡಿದ. ಆ ಕಳ್ಳ ಕೈ ಬೇಕೆಂದಾಗಲೆಲ್ಲ ಮುಂದೆ ಬಂದುಬಿಡುತ್ತಿತ್ತು. ಆಟದಲ್ಲಿ ಮಂತ್ರ ಹಾಕುವವಳು ಅಕ್ಕ ಒಬ್ಬಳೇ ಎಂಬುದು ಮಾತ್ರ ಆ ಮಹಾಶಯನಿಗೆ ಹೊಳೆಯಲಿಲ್ಲ.

ಆಗ ಅಡುಗೆಮನೆಯಲ್ಲಿ ಅಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಹೊಟ್ಟೆಗೆ ಒತ್ತಿಕೊಂಡಳು, ಜಾರಿತು. ಕೂತು ಮೊಣಕಾಲ ಸಂದಿಗೆ ಸಿಕ್ಕಿಸಿದಳು, ಜಾರಿತು. ನಿಧಾನಪ್ಪ ಬಾಗಿಲಲ್ಲೇ ನಿಂತು ಎಷ್ಟು ಸಲ ಜಾರಿತೆಂದು ಎಣಿಸಿದ. ಕೊನೆಗೆ ಆರನೇ ಸಲಕ್ಕೆ ಮುಚ್ಚಳ ಬಂದಾಗ ಅವನಿಗೆ ಲೆಕ್ಕ ಸಿಕ್ಕಿತ್ತು. ಖುಷಿಯಲ್ಲಿ ಹಾಗೇ ಅಂಗಡಿಗೆ ವಾಪಸಾದ.

ಭಾನುವಾರ ರಾಕ್ಷಸರು ಮಾಟಗಾತಿಯ ಒಂದು ಕೈ ಕಟ್ಟಿದರು. ಆರು ಬಿದ್ದರೆ ಮಾತ್ರ ಮಂತ್ರ ಎಂದ ನಿಧಾನಪ್ಪ. ಅಕ್ಕ ಎಸೆದಳು, ತಪ್ಪಿತು. ಮತ್ತೆ ಎಸೆದಳು, ತಪ್ಪಿತು. ಕಡೆಗೊಮ್ಮೆ ಆರು ಬಿದ್ದು ರಾಕ್ಷಸರು ಸುಟ್ಟು ಬೂದಿಯಾದಾಗ ಎಲ್ಲರೂ ಮೇಜು ಗುದ್ದಿದರು. ನಿಯಮ ಹೇಳಿ ಮಾಡಿಸಿದ ಹಾಗಿದೆ, ಎಲ್ಲಿಂದ ಹಿಡಿದೆ ಎಂದು ಕಂಡಕ್ಟರು ಕೇಳಿದ. ಹೊಗಳಿಕೆಗೆ ಉಬ್ಬಿಹೋದ ನಿಧಾನಪ್ಪ ಡಬ್ಬಿಯ ಕಥೆಯನ್ನು ಪೂರ್ತಿ ಒದರಿಬಿಟ್ಟ. ಅಕ್ಕ ಅದನ್ನು ಹೊಟ್ಟೆಗೆ ಒತ್ತಿಕೊಂಡ ರೀತಿಯನ್ನು ಮಾಡಿಯೂ ತೋರಿಸಿದ.

ಯಾರೂ ನಗಲಿಲ್ಲ. ಸ್ನೇಹಿತರಿಬ್ಬರ ಕಣ್ಣೂ ಮೊದಲ ಸಲ ಅಕ್ಕನ ಬಲಗೈ ಮೇಲೆ ಬಿದ್ದವು. ಅವಳು ಸೆರಗು ಎಳೆದು ಅದನ್ನು ಮುಚ್ಚಿಕೊಂಡಳು. ನಿಧಾನಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ನಿಯಮ ಬೇಡ, ತೆಗೆದುಬಿಡೋಣ ಎಂದು ತೊದಲಿದ.

“ನಿನ್ನ ಲೆಕ್ಕ ತಪ್ಪು ಕಣೋ,” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಆ ಡಬ್ಬಿನ ನಾನು ದಿನಾ ತೆಗೀತೀನಿ. ಗೋಡೆಗೆ ಒತ್ತಿ ಹಿಡಿದ್ರೆ ಒಂದೇ ಸಲಕ್ಕೆ ಬರುತ್ತೆ. ಅವತ್ತು ನೀನು ಬಾಗಿಲಲ್ಲಿ ನಿಂತಿದ್ದು ಕಾಣಿಸ್ತು. ಬಂದು ತೆಗೆದುಕೊಡ್ತೀಯೇನೋ ಅಂತ ಗೋಡೆ ಹತ್ರ ಹೋಗದೆ ಕಾದೆ.”

ಆಮೇಲೆ ಅವಳೇ, ಈಗ ಯಾರ ಸರದಿ ಎಂದು ಕೇಳಿದಳು. ಹೇಳಬೇಕಾದವನು ನಿಧಾನಪ್ಪ. ಎಲ್ಲರೂ ಅವನ ಮುಖ ನೋಡಿದರು. ಅವನು ಅಕ್ಕನ ಸೆರಗಿನಡಿಯ ಕೈಯನ್ನೇ ನೋಡುತ್ತಿದ್ದ.