ಆಚೆಮನೆ ಅಕ್ಕನ ಜಗಲಿ

ಇವತ್ತು ಬೆಳಿಗ್ಗೆಯೂ ಎಲ್ಲ ದಿನದ ಹಾಗೆಯೇ ಶುರುವಾಯಿತು. ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಇವರ ಡಬ್ಬಿ ಕಟ್ಟಿ ಕಳಿಸಿದೆ. ಮೀನಿನವಳು ಬಂದು ಬಂಗಡೆ ಕೊಟ್ಟು ಹೋದಳು. ಕಾಯಿ ರುಬ್ಬಿ, ಸಾರಿಗೆ ಹಾಕಲೆಂದು ತೆಪ್ಪಲದ ಒಣಕಾಯಿಯ ಡಬ್ಬಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನಲ್ಲಿ ಮೊದಲು ಏಳುವುದು ಹೆದರಿಕೆಯೇ… ಆಮೇಲೆ ಆಚೆಮನೆ ಅಕ್ಕ.

ಡಬ್ಬಿಯ ತಳದಲ್ಲಿ ಒಂದು ಹಿಡಿಯೂ ಉಳಿದಿರಲಿಲ್ಲ. ಅವರು ಕಳಿಸಿದ ಕೊನೆಯ ತೆಪ್ಪಲ ಅದು.

ಅಂಕೋಲೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ದಾಸವಾಳದ ಬೇಲಿ. ಅಕ್ಕ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ಕದ್ವಾಡದ ನನ್ನ ಅತ್ತೆಗೆ ದೂರದ ನೆಂಟರು, ನನ್ನ ಸಂಬಂಧ ತಂದವರೂ ಅವರೇ. ನಿಶ್ಚಯವಾದ ಮೇಲೆ ಇವರು ಭಾನುವಾರ ಬಸ್ಸು ಹತ್ತಿ ಬರುತ್ತಿದ್ದರು. ಇಬ್ಬರೇ ಪೇಟೆಯಲ್ಲಿ ತಿರುಗಿದರೆ ಜನ ಆಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕೂತರೆ ಅಪ್ಪನ ಕಿವಿ. ಹಾಗಾಗಿ ಅಕ್ಕನ ಜಗಲಿ. ಒಂದು ತುದಿಗೆ ನಾವು, ಇನ್ನೊಂದು ತುದಿಗೆ ಕಾಲು ಚಾಚಿ, ಮಡಿಲಲ್ಲಿ ಮೊರದಂಥ ಗೆರಸಿ ಇಟ್ಟುಕೊಂಡು ಅಕ್ಕ. ಒಣಗಿ ಬಾಯಿಬಿಟ್ಟ ತೆಪ್ಪಲದಿಂದ ಕರೀ ಬೀಜ ಬಿಡಿಸಿ ತಟ್ಟೆಗೆ ಹಾಕುತ್ತಿದ್ದರು. ಟಕ್, ಟಕ್…

ನಾವು ಆಡುತ್ತಿದ್ದದ್ದು ಮದುವೆ ಖರ್ಚಿನ ಮಾತು. ಕದ್ವಾಡದ ಕೇರಿಗೆಲ್ಲ ‘ಅವತ್ತು ಒಲೆ ಹಚ್ಚಬೇಡಿ’ ಎಂದೇ ಹೇಳಿಕೆ ಹೋಗಬೇಕೆಂದು ಅತ್ತೆಯ ಹಟ. ಮನೆಗೊಬ್ಬರು ಬನ್ನಿ ಎಂದು ಕರೆಯುವುದು ಬೇರೆ. ಒಲೆ ಹಚ್ಚಬೇಡಿ ಎಂದರೆ ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಬರುತ್ತಾರೆ. ಊಟ ಹೆಣ್ಣಿನ ಕಡೆಯದು. ಅಪ್ಪ ಆಗಲಿ ಎಂದುಬಿಟ್ಟು, ಸದ್ದಿಲ್ಲದೆ ಹಟ್ಟಿಕೇರಿಯ ಗದ್ದೆಗೆ ಗಿರಾಕಿ ಹುಡುಕತೊಡಗಿದ್ದರು. ನಾನು ಇವರಿಗೆ ಹೇಳಿದೆ.

ಇವರು ಬಹಳ ಹೊತ್ತು ಬೆರಳು ಮಡಚಿ ಬಿಡಿಸಿ ಲೆಕ್ಕ ಹಾಕಿದರು. “ಊಟದ ಅರ್ಧ ನಾ ಕೊಡ್ತೆ. ಅಡುಗೆಯವ್ರ ಕೈಗೇ ಕೊಡ್ತೆ, ನಿನ್ನ ಅಪ್ಪಂಗೆ ಅವ್ರು ಕಮ್ಮಿ ಹೇಳ್ಲಿ. ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು.”

ಗೊತ್ತಾದರೆ? ಹುಡುಗಿ ಕಡೆಯವರು ಖರ್ಚಿನಲ್ಲಿ ಪಾಲು ಕೇಳಿದರೆಂದು ದೊಡ್ಡ ಮಗನ ನಿಶ್ಚಯವನ್ನೇ ಒಮ್ಮೆ ಮುರಿದು ಹಾಕಿದವರು ಅತ್ತೆ. ನಾವು ದನಿ ಇಳಿಸಿ ಮಾತಾಡುತ್ತಿದ್ದೆವು. ದನಿ ಇಳಿದಾಗಲೆಲ್ಲ ಆ ತುದಿಯ ಟಕ್ ಟಕ್ ಕೂಡ ನಿಲ್ಲುತ್ತಿತ್ತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾನು ಇವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಎಷ್ಟೆಂದರೂ ಅವರು ಆ ಕಡೆಯವರಲ್ಲವೇ?

ಒಂದು ಭಾನುವಾರ ಅಕ್ಕ ಇದ್ದಕ್ಕಿದ್ದಂತೆ ಗೆರಸಿಯನ್ನು ಜೋರಾಗಿ ಕೊಡವಿದರು. ತಲೆ ಎತ್ತಿದರೆ ಅತ್ತೆ! ಹೇಳದೆ ಕೇಳದೆ ಅಂಗಳದಲ್ಲಿ ಕೊಡೆ ಮಡಚುತ್ತಿದ್ದಾರೆ. ಇವರ ಬೆರಳು ಮಡಚಿದ್ದು ಮಡಚಿದಂತೆಯೇ ಇತ್ತು.

“ಎಂತದೋ ಅದು ಬೆರಳೆಣಿಸೂದು? ಎಂತ ಲೆಕ್ಕ ನಡೀತದೆ?”

ಅಕ್ಕ ಮುಖ ಎತ್ತದೆ ಹೇಳಿದರು: “ಮಕ್ಕಳಿಗೆ ಹೆಸರು ಹುಡುಕ್ತಾ ಇದ್ರು ಮಾರಾಯ್ತಿ. ಎರಡು ಗಂಡು ಒಂದು ಹೆಣ್ಣಿಗೆ ಆಯ್ತು. ನಾಲ್ಕನೇದಕ್ಕೆ ಜಗಳ.”

“ಶೀ! ಮೊದ್ಲು ಮಂಟಪ ಹತ್ಲಿ ನಾಚಿಕೆಗೆಟ್ಟವು!” ಅತ್ತೆ ನಗುತ್ತಾ ಮಗನ ಬೆನ್ನಿಗೆ ಕೊಡೆಯಿಂದಲೇ ಒಂದು ಕೊಟ್ಟರು.

ಆದರೆ ಆ ಸಂಜೆ ಅಕ್ಕ ಅತ್ತೆಯ ಜೊತೆಗೇ ಕದ್ವಾಡಕ್ಕೆ ಹೊರಟರು, ಎರಡು ದಿನ ಇದ್ದು ಬರುತ್ತೇನೆಂದು. ಅಲ್ಲಿ ಎಲ್ಲ ಹೇಳಿಬಿಟ್ಟರೆ? ಫೋನು ಬಡಿದುಕೊಂಡರೆ ಹಿತ್ತಲಿಗೆ ಓಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆ, ಅಮ್ಮನ ದೇವರ ಹಾಡು, ಎರಡೂ ಬಾಯಲ್ಲಿ ಕಲಸಿಹೋಗುತ್ತಿದ್ದವು. ಅಕ್ಕ ವಾಪಸು ಬಂದವರು ಬೇಲಿಯಾಚೆಯಿಂದ ಕರೆದರು. ಹೋದೆ.

“ತಂಗೀ, ಬ್ಲೌಸ್ ಹೊಲೀಲಿಕ್ಕೆ ಕೊಟ್ಯಾ ಇಲ್ವಾ?”

ಅಷ್ಟೇ.

ಮದುವೆಯಾಯಿತು, ಗದ್ದೆ ಉಳಿಯಿತು. ಅತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಕ್ಕ ಒಂದು ದಿನವೂ ಆ ಮಾತೆತ್ತಲಿಲ್ಲ. ವರ್ಷಕ್ಕೊಮ್ಮೆ ತೆಪ್ಪಲದ ಪೊಟ್ಟಣ ಮಾತ್ರ ಬರುತ್ತಿತ್ತು. ಕಳೆದ ಮಳೆಗಾಲ ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಗಲಿಯಲ್ಲಿ ಗೆರಸಿ ಗೋಡೆಗೆ ಒರಗಿ ನಿಂತಿತ್ತು… ಯಾರಾದರೂ ಅದನ್ನು ಒಮ್ಮೆ ಕೊಡವಿದರೆ ಸಾಕು ಎನಿಸಿತ್ತು ನನಗೆ.

ಇವತ್ತು ಸಂಜೆ ಪಕ್ಕದ ಮನೆಯವರಿಗೆ ಒಂದು ಬಟ್ಟಲು ಸಾರು ಕೊಡಲು ಹೋದೆ. ಅವರ ತವರೂ ನಮ್ಮ ಅಂಕೋಲೆಯ ಕೇರಿಯೇ, ನನಗಿಂತ ತುಂಬ ಹಿರಿಯರು. ತೆಪ್ಪಲ ಯಾರದ್ದೆಂದು ಹೇಳಿದೆ. ಅವರು ಬಟ್ಟಲು ಮೂಸಿ, ಒಳಗೆ ತಿರುಗುತ್ತಾ ಅಂದರು:

“ಪಾಪ, ಅವಳದ್ದೂ ನಿಶ್ಚಯ ಆಗಿತ್ತಲ್ಲೇ. ಊಟದ ಖರ್ಚು ಯಾರದ್ದು ಅಂತ ಹಿರಿಯರು ಕಿತ್ತಾಡಿ ಮುರ್ದು ಹೋಯ್ತು. ನಿಂಗೆ ಗೊತ್ತಿರ್ಲಿಲ್ವಾ? ಇರ್ಲಿ, ಬಟ್ಟಲು ನಾಳೆ ಕೊಡ್ತೆ.”