ನಾಯಿ ತಂದ ಬಿಸಿ ರೊಟ್ಟಿ

ದೆವ್ವ-ಭೂತದ ಕತೆ ಹೇಳುವ ಚಟ ನನಗಿಲ್ಲ. ಉಮರ್ಗಾದ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು ನಾನು. ಬೆಲ್ಲ, ಬೇಳೆ ತೂಗುವುದೇ ದಿನದ ಕೆಲಸ. ಆದರೆ ಈಗ ಹೇಳುವುದು ನನ್ನ ಕಣ್ಣೆದುರೇ ಆದದ್ದು, ನನ್ನ ಕಿವಿಗೇ ಬಿದ್ದದ್ದು. ಒಂದಿಷ್ಟನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದೆ...

ನಮ್ಮ ಸೀಮೆಯ ಹಳ್ಳಿಗಳನ್ನು ಕೆಡವಿದ ಭೂಕಂಪವಾಗಿ ಹತ್ತು-ಹನ್ನೆರಡು ವರ್ಷ ಕಳೆದಿದ್ದವು. ಉದಗೀರದಲ್ಲಿರುವ ನನ್ನ ಹೆಂಡತಿಯ ತಮ್ಮ ಒಂದು ಕಾರವಾನಿ ನಾಯಿಮರಿ ತಂದುಕೊಟ್ಟ. ಮೊಲದ ಬೆನ್ನು ಹತ್ತುವ ತಳಿ. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಮೋಡದಂಥ ಬಣ್ಣ. ಬಾದಲ್ ಎಂದು ಹೆಸರಿಟ್ಟೆವು. ವರ್ಷ ತುಂಬುವುದರೊಳಗೆ ನನ್ನ ತೊಡೆಯೆತ್ತರ ಬೆಳೆಯಿತು. ಓಣಿಯ ಇಕ್ಕಟ್ಟಿನ ಮನೆಯಲ್ಲಿ ಅದನ್ನು ಕಟ್ಟಿಹಾಕಿದರೆ ಸರಪಳಿ ಎಳೆಯುತ್ತಿತ್ತು, ಬಾಗಿಲು ಕೆರೆಯುತ್ತಿತ್ತು. ಒಂದು ದಿನ ಪಕ್ಕದ ಮನೆಯ ಕೂಸಿನ ಮೇಲೆ ಹಾರಿತು. ಕಚ್ಚಲಿಲ್ಲ, ಆದರೆ ಓಣಿಯವರೆಲ್ಲ ಬಾಗಿಲಿಗೆ ಬಂದರು.

"ಓಡೋ ನಾಯಿಗಿ ಓಡ್ಲಿಕ್ಕಿ ಜಾಗಾ ಇಲ್ಲಂದ್ರ ಹುಚ್ಚ್ ಹಿಡೀತದ್ರೀ," ಎಂದಳು ಹೆಂಡತಿ. "ಎಲ್ಲಿಗಾದ್ರೂ ಕರ್ಕೊಂಡ್ ಹೋಗ್ರಿ. ಇಲ್ಲಂದ್ರ ನಮ್ಮ ತಮ್ಮಗ ವಾಪಸ್ ಕೊಟ್ ಬರ್ರಿ."

ಕೊಡಲು ಮನಸ್ಸಿರಲಿಲ್ಲ. ನಮಗೆ ಮಕ್ಕಳಿಲ್ಲ. ಅಂಗಡಿ ಮುಚ್ಚಿ ಬಂದಾಗ ಅದು ಎದೆಗೆ ಕಾಲು ಕೊಟ್ಟು ನಿಲ್ಲುತ್ತಿತ್ತು.

ಹುಡುಕಾಟ ಶುರುವಾಯಿತು. ಊರಿನ ಉದ್ಯಾನದ ಗೇಟಿನಲ್ಲೇ ಕಾವಲುಗಾರ ಅಡ್ಡ ನಿಂತು ಮರಾಠಿಯಲ್ಲಿ ಅಂದ: "ಶೇಟ್, ಕುತ್ರಾ ಆತ್ ನಾಹೀ ಚಾಲತ್," ನಾಯಿಗೆ ಒಳಗೆ ಪ್ರವೇಶವಿಲ್ಲ. ಶಾಲೆಯ ಮೈದಾನಕ್ಕೆ ಒಯ್ದರೆ ಕ್ರಿಕೆಟ್ ಚೆಂಡು ಕಚ್ಚಿಕೊಂಡು ಓಡಿತು, ಮಾಸ್ತರರು ಬೈದರು. ನಿಲಂಗಾ ರಸ್ತೆಯ ಪಕ್ಕದ ಹೊಲಕ್ಕೆ ಬಿಟ್ಟರೆ ತೊಗರಿ ತುಳಿಯಿತು; ಹೊಲದವನು ಬಡಿಗೆ ಹಿಡಿದು ಬಂದ. ಹೈದರಾಬಾದ್ ಹೆದ್ದಾರಿಯ ಮಾತು ಬಿಡಿ, ಅಲ್ಲಿ ಲಾರಿಗಳೇ ಲಾರಿಗಳು.

ಆಗ ದಾರಿ ತೋರಿಸಿದವರು ಶಿವಲಿಂಗಪ್ಪ ಕಾಕಾ. ವಾರಕ್ಕೊಮ್ಮೆ ಸಂತೆಗೆ ಬಂದು ರೊಟ್ಟಿಯ ಹಿಟ್ಟು, ಬೇಳೆ ಒಯ್ಯುವ ನನ್ನ ಗಿರಾಕಿ, ಎಪ್ಪತ್ತರ ಸಮೀಪದವರು. ಅವರ ಊರು ಭೂಕಂಪದಲ್ಲಿ ಪೂರ್ತಿ ಬಿದ್ದಿತ್ತು. ಸರಕಾರ ಎರಡು ಮೈಲಿ ಆಚೆ ಹೊಸ ಊರು ಕಟ್ಟಿಕೊಟ್ಟಿತ್ತು. ಹಳೇ ಊರು ಹಾಗೇ ಖಾಲಿ.

"ನಮ್ಮ ಹಳೀ ಊರಿಗಿ ಒಯ್ರೀ ಸಾವ್ಕಾರ್ರ. ಬೇವಿನ ಗಿಡ ಬೆಳದಾವ, ಮೈದಾನಾ ಆಗ್ಯಾದ. ಯಾರೂ ಕೇಳೋರಿಲ್ಲ."

"ಅಲ್ಲಿ ಮಂದಿ ಸತ್ತಾರ ಕಾಕಾ... ನಾಯಿ ಓಡಸೋದು ಛಲೋನಾ?"

ಕಾಕಾ ಚೀಲದ ಬಾಯಿ ಕಟ್ಟುತ್ತಾ ಹೇಳಿದರು: "ಓಡ್ಲಿ ಬಿಡ್ರಿ. ಜೀವ ಇದ್ದಿದ್ದು ಏನಾದ್ರೂ ಒಂದು ಓಡಾಡ್ಲಿ ಅಲ್ಲಿ."

ಮರುದಿನ ಸಂಜೆ ಸ್ಕೂಟರಿನ ಮುಂದೆ ಬಾದಲ್‌ನನ್ನು ನಿಲ್ಲಿಸಿಕೊಂಡು ಹೋದೆ. ಕಲ್ಲಿನ ಗುಪ್ಪೆಗಳ ಮೇಲೆ ಹುಲ್ಲು ಬೆಳೆದಿತ್ತು. ಬೇವು, ಜಾಲಿ, ನಡುವೆ ವಿಶಾಲ ಬಯಲು. ಊರಿಗೆಲ್ಲ ಒಂದೇ ಒಂದು ಗೋಡೆ ಉಳಿದಿತ್ತು, ಆಳೆತ್ತರದ್ದು. ಬಾದಲ್ ಬಿಟ್ಟ ಬಾಣದಂತೆ ಹೋಯಿತು. ಅದು ಹಾಗೆ ಓಡುವುದನ್ನು ನಾನು ಮೊದಲ ಸಲ ನೋಡಿದ್ದು. ಅವತ್ತು ರಾತ್ರಿ ಮನೆಯಲ್ಲಿ ಸರಪಳಿ ಸದ್ದಿಲ್ಲ. ಮೂವರೂ ನಿದ್ದೆ ಮಾಡಿದೆವು.

ತಿಂಗಳೊಪ್ಪತ್ತು ಚೆನ್ನಾಗಿಯೇ ಹೋಯಿತು.

ಆಮೇಲೆ ಚಳಿ ಬಿತ್ತು, ಬೇಗ ಕತ್ತಲಾಗತೊಡಗಿತು. ಒಂದು ಸಂಜೆ ಹೊತ್ತು ಮುಳುಗಿದ ಮೇಲೆ ಬಾದಲ್ ಆ ಗೋಡೆಯ ಹಿಂದೆ ಹೋಯಿತು. ಕರೆದೆ... ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಏನೋ ಕಚ್ಚಿಕೊಂಡು ಕುಣಿಯುತ್ತಾ ಬಂತು.

ಅರ್ಧ ರೊಟ್ಟಿ. ಸಜ್ಜಿ ರೊಟ್ಟಿ. ಕಸಿದುಕೊಂಡೆ... ಬೆರಳು ಚುರ್ರೆಂದಿತು. ಆಗತಾನೇ ಹಂಚಿನಿಂದ ಇಳಿಸಿದಂತಿತ್ತು.

ಕುರಿಗಾರರು ಬಿಡಾರ ಹೂಡಿರಬೇಕು ಎಂದುಕೊಂಡೆ. ಸುತ್ತ ನೋಡಿದೆ. ಒಂದು ಕುರಿಯ ಸದ್ದಿಲ್ಲ, ಒಂದು ಬೆಂಕಿಯ ಬೆಳಕಿಲ್ಲ. ಆದರೆ ಸಗಣಿಯ ಕುಳ್ಳು ಉರಿಯುವ ವಾಸನೆ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಮನೆಗೆ ತಂದು ಹೆಂಡತಿಗೆ ತೋರಿಸಿದೆ. ತಿರುಗಿಸಿ ನೋಡಿದಳು. "ಚೊಲೋ ಕೈ ಅದ ರೀ. ಎಳ್ಳ ಹಚ್ಯಾರ ನೋಡ್ರಿ, ಒಂದೂ ಉದುರಿಲ್ಲ. ಯಾರ ಮನಿದು?"

ಕುರಿಗಾರರದ್ದಿರಬೇಕು ಎಂದೆ. ಬಾದಲ್ ಆ ರಾತ್ರಿ ಮನೆಯ ಊಟ ಮುಟ್ಟಲಿಲ್ಲ.

ಸಂತೆಯ ದಿನ ಕಾಕಾ ಬಂದಾಗ ನಗುತ್ತಲೇ ಹೇಳಿದೆ. "ನಿಮ್ಮ ಹಳೀ ಊರಾಗ ಯಾರೋ ರೊಟ್ಟಿ ಬಡೀಲತ್ತಾರ ಕಾಕಾ. ನಮ್ಮ ನಾಯಿ ಉಂಡು ಬಂದದ."

ಕಾಕಾ ನಗಲಿಲ್ಲ. "ಎಲ್ಲಿ?"

"ಆ ಒಂದು ಗ್ವಾಡಿ ನಿಂತದಲ್ಲ, ಅದರ ಹಿಂದ."

ಮೆಲ್ಲಗೆ ಕೇಳಿದರು: "ಎಳ್ಳ ಹಚ್ಚಿತ್ತೇನ್ರೀ?"

ಹೌದೆಂದೆ. ಅವರ ಮುಖ ನೋಡಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

"ಅದು ನಮ್ಮ ಮನಿ ಗ್ವಾಡಿ," ಎಂದರು ಕಾಕಾ. "ಭೂಕಂಪ ಆದ ರಾತ್ರಿ ನಾ ಹೊಲದಾಗ ಮಲಗಿದ್ದೆ. ನನ್ನ ಹೆಂಡ್ತಿ ಒಳಗಿದ್ಲು... ಎಷ್ಟ್ ಸಲ ಹೋಗಿ ಕುಂತೀನಿ ಅಲ್ಲಿ, ಸಾವ್ಕಾರ್ರ. ನನಗ ಏನೂ ಕೇಳ್ಸಂಗಿಲ್ಲ. ಒಂದು ವಾಸನಿ ಸೈತ ಬರಂಗಿಲ್ಲ."

ಹೋಗುವಾಗ ನನ್ನ ಕೈ ಹಿಡಿದುಕೊಂಡರು. "ಈ ಸಲ ನಾಯಿ ತಂದ್ರ ಒಂದು ತುಣುಕು ನನಗಿಡ್ರಿ. ನಾಯಿ ಮುಟ್ಟಿದ್ದಾದ್ರೂ ನಡೀತದ."

ಮುದುಕರಿಗೆ ಇಲ್ಲ ಎನ್ನುವುದು ಹೇಗೆ? ಮರುದಿನ ಹೋದೆ.

ಅಮಾವಾಸ್ಯೆ ಹತ್ತಿರವಿತ್ತು. ಲೋಡ್‌ಶೆಡ್ಡಿಂಗ್ ಬೇರೆ, ಸುತ್ತಲ ಹಳ್ಳಿಗಳಲ್ಲಿ ಒಂದು ದೀಪವಿಲ್ಲ. ಬಾದಲ್ ಈ ಸಲ ಬಯಲಲ್ಲಿ ಓಡಲೇ ಇಲ್ಲ. ಸ್ಕೂಟರಿನಿಂದ ಇಳಿದದ್ದೇ ನೇರ ಗೋಡೆಯ ಹಿಂದೆ ಹೋಯಿತು. ಬ್ಯಾಟರಿ ಹಿಡಿದು ನಾನೂ ನಡೆದೆ.

ಹತ್ತು ಹೆಜ್ಜೆ ಹೋಗಿರಬೇಕು...

ಟಪ್... ಟಪ್... ಟಪ್...

ರೊಟ್ಟಿ ಬಡಿಯುವ ಸದ್ದು. ನಮ್ಮ ಕಡೆ ಹುಟ್ಟಿದವರಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ನಡುನಡುವೆ ಬಳೆಯ ಸದ್ದು. ಕುಳ್ಳಿನ ಹೊಗೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಕಾಲು ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ.

ಗೋಡೆ ದಾಟಿ ಬೆಳಕು ಬಿಟ್ಟೆ. ಒಲೆಯಿಲ್ಲ. ಬೂದಿಯಿಲ್ಲ. ಬರೀ ಕಲ್ಲು, ಹುಲ್ಲು. ನಡುವೆ ಬಾದಲ್ ಕೂತಿತ್ತು. ಉಣ್ಣುವವರ ಎದುರು ಕೂರುವ ಹಾಗೆ, ಮುಂಗಾಲು ಜೋಡಿಸಿ, ಕತ್ತು ಮೇಲೆತ್ತಿ. ಯಾರದೋ ಕೈ ಅತ್ತಿತ್ತ ಆಡಿದಂತೆ ಅದರ ಕಣ್ಣು ಅತ್ತಿತ್ತ ಆಡುತ್ತಿತ್ತು. ಬಾಲ ನೆಲ ಬಡಿಯುತ್ತಿತ್ತು.

ಟಪ್ ಟಪ್ ನಿಂತಿತು.

"ನಿಮಗೂ ಹಾಕ್ಲೇನ್ರೀ?"

ಹೆಣ್ಣು ದನಿ. ಮೊಳದಷ್ಟು ದೂರದಲ್ಲಿ. ಅದರಲ್ಲಿ ಹೆದರಿಸುವಂಥದ್ದು ಏನೂ ಇರಲಿಲ್ಲ. ಮನೆಗೆ ಬಂದವರನ್ನು ಯಾರೇ ಆದರೂ ಕೇಳುವ ಹಾಗೆ ಕೇಳಿದ್ದು. ನನ್ನ ಬಾಯಿಂದಲೂ, ಯೋಚನೆಯೇ ಇಲ್ಲದೆ, ರೂಢಿಯ ಮಾತೇ ಬಂತು: "ಬ್ಯಾಡ್ರೀ ತಾಯಿ... ನಮ್ದು ಆಗ್ಯಾದ."

ಉತ್ತರ ಕೊಟ್ಟುಬಿಟ್ಟೆ ಎಂದು ಹೊಳೆದದ್ದು ಆಮೇಲೆ. ಆಗ ಹೆದರಿಕೆ ಬಂತು. ಬಾದಲ್‌ನ ಕೊರಳಪಟ್ಟಿ ಹಿಡಿದು ಎಳೆದೆ. ಮರಿಯಾಗಿದ್ದಾಗಿನಿಂದ ನನ್ನ ಮೇಲೆ ಗುರ್ ಎನ್ನದ ನಾಯಿ, ಹಲ್ಲು ಬಿಟ್ಟಿತು. ಎಳೆದುಕೊಂಡೇ ಬಂದೆ. ಹಿಂದಿನಿಂದ ಮತ್ತೆ ಸದ್ದು ಶುರುವಾಯಿತು... ಟಪ್... ಟಪ್... ಈ ಸಲ ನಿಧಾನವಾಗಿ.

ಆ ವಾರವೇ ಬಾದಲ್‌ನನ್ನು ಉದಗೀರಕ್ಕೆ ಕಳಿಸಿದೆ. ವಾಪಸ್ ಕೊಡಿ ಅಂದಿದ್ದ ಹೆಂಡತಿಯೇ ಈಗ ಸಿಟ್ಟಾದಳು. ಯಾಕೆಂದು ಅವಳಿಗೆ ಹೇಳಲಿಲ್ಲ.

ಸಂತೆಗೆ ಕಾಕಾ ಬಂದರು. ತೊಳೆದ ಬಿಳಿ ವಸ್ತ್ರದ ತುಂಡೊಂದನ್ನು ಮಡಚಿ ತಂದಿದ್ದರು, ರೊಟ್ಟಿ ಕಟ್ಟಿಕೊಳ್ಳಲು.

"ಅಲ್ಲಿ ಯಾರೂ ಇಲ್ಲ ಕಾಕಾ," ಎಂದೆ. "ಕುರಿಗಾರರು ಇದ್ದಿದ್ರಂತ. ಹೋಗ್ಯಾರ."

ಅವರು ನನ್ನ ಮುಖವನ್ನೇ ನೋಡಿದರು. "ಖರೇ ಹೇಳ್ರಿ, ಸಾವ್ಕಾರ್ರ. ಆಕಿ ನಿಮಗ ಹಾಕ್ಲೇನ್ ಅಂತ ಕೇಳ್ಲಿಲ್ಲೇನು? ಮನಿಗಿ ಯಾರು ಬಂದ್ರೂ ಬಿಡ್ತಿರ್ಲಿಲ್ಲ ಆಕಿ..."

ಆ ದನಿಯ ಮಾತನ್ನು ನಾನು ಒಂದು ಜೀವಕ್ಕೂ ಹೇಳಿರಲಿಲ್ಲ.

"ಇಲ್ಲ," ಎಂದೆ.

ಯಾಕೆ ಹಾಗೆಂದೆನೋ. ಅವರ ಮೇಲಿನ ಕರುಣೆಯೋ, ನನ್ನ ಹೆದರಿಕೆಯೋ, ಅಥವಾ ಅವರಿಗೆ ಸಿಗದ್ದು ನನಗೆ ಸಿಕ್ಕಿತು, ನಾನು ಬೇಡವೆಂದು ಬಂದೆ ಎನ್ನುವ ನಾಚಿಕೆಯೋ. ಕಾಕಾ ವಸ್ತ್ರವನ್ನು ಕಿಸೆಯಲ್ಲಿಟ್ಟುಕೊಂಡು ಸಾಮಾನು ಒಯ್ಯದೇ ಹೊರಟರು. ಹೊಸ ಊರಿನ ಆಟೋ ನಿಲ್ಲುವುದು ಬಲಕ್ಕೆ. ಅವರು ಎಡಕ್ಕೆ, ಹಳೇ ಊರಿನ ದಾರಿ ಹಿಡಿದರು. ಹೊತ್ತು ಮುಳುಗುತ್ತಿತ್ತು.

ಕೂಗಿ ನಿಲ್ಲಿಸಬೇಕಿತ್ತು. ಬಂದ ಗಿರಾಕಿಗೆ ಬೆಲ್ಲ ತೂಗುತ್ತಾ ನಿಂತೆ.

ಮುಂದಿನ ಸಂತೆಗೂ ಕಾಕಾ ಬಂದರು, ಅದರ ಮುಂದಿನದಕ್ಕೂ ಬಂದರು. ಬೇಳೆ, ಎಣ್ಣೆ, ಚಹಾಪುಡಿ ಒಯ್ದರು. ಆ ಸಂಜೆ ಅವರಿಗೆ ಏನಾದರೂ ಕೇಳಿಸಿತೇ ಎಂದು ನಾನು ಕೇಳಿಲ್ಲ. ಅವರೂ ಹೇಳಿಲ್ಲ. ಆದರೆ ಅವತ್ತಿನಿಂದ ಒಮ್ಮೆಯೂ ಅವರು ನನ್ನ ಅಂಗಡಿಯಲ್ಲಿ ರೊಟ್ಟಿಯ ಹಿಟ್ಟು ಕೊಳ್ಳಲಿಲ್ಲ.