ಅಣಬೆಯ ಮುಂದೆ ಬೋರಲಾಗಿ

“ಅಯ್ಯೋ ದೇವರೇ, ಎಂತ ಆಯ್ತು ನಿಮಗೆ?” ಎನ್ನುತ್ತಾ ಓಡಿಬಂದ ಹೆಂಗಸೊಬ್ಬರು ನನ್ನ ಭುಜ ಹಿಡಿದು ಅಲುಗಾಡಿಸಿದರು. ಮಣಿಪಾಲದ ಇಳಿಜಾರು ರಸ್ತೆಯ ಬದಿಯಲ್ಲಿ, ಉಗುರಿನಷ್ಟು ಚಿಕ್ಕ ಅಣಬೆಯೊಂದರ ಫೋಟೊ ತೆಗೆಯಲು ನಾನು ಬೋರಲು ಮಲಗಿದ್ದೆ. ಗಾಬರಿಯಿಂದ ಎದ್ದು ಕ್ಯಾಮೆರಾ ತೋರಿಸಿದೆ. ಅವರು ಅಲ್ಲಿಯೇ ಕುಸಿದು ಕುಳಿತರು.

“ನಮ್ಮ ಯಜಮಾನರು ಹೀಗೆಯೇ ದಾರಿಬದಿಯಲ್ಲಿ ಬಿದ್ದದ್ದು ಮಾರಾಯ್ರೆ. ಕುಡಿದು ಬಿದ್ದಿದ್ದಾರೆ ಅಂತ ಎಲ್ಲರೂ ದಾಟಿ ಹೋದರು.”

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಅವರು ಕೊಡೆ ಬಿಡಿಸಿ ಅಣಬೆಯ ಮೇಲೆ ಹಿಡಿದರು. “ಬೇಗ ತೆಗೆಯಿರಿ, ಪಾಪ, ಹನಿ ಬಿದ್ರೆ ಮುರಿದು ಹೋಗ್ತದೆ” ಎಂದರು. ನಾವಿಬ್ಬರೂ ನೆನೆದೆವು.

ಅದು ಯಾವ ಜಾತಿಯ ಅಣಬೆಯೆಂದು ನನಗಿನ್ನೂ ಪತ್ತೆಯಾಗಿಲ್ಲ. ಆದರೆ ಅಂದಿನಿಂದ ಅಣಬೆಯ ಮುಂದೆ ಮಲಗಿರುವಾಗ ಹೆಜ್ಜೆಸದ್ದು ಕೇಳಿದರೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಕಾಲು ಅಲ್ಲಾಡಿಸುತ್ತೇನೆ.